ಬಣ್ಣದ ಕೇಕು ಬಂತು, ಶಾಲೆಯ ಅಭಿಮಾನ ಬರಲಿಲ್ಲ

ಅಮೆರಿಕದ ಒಹಾಯೊ ರಾಜ್ಯದಲ್ಲಿ ಮ್ಯಾಸಿಲನ್ ಅಂತ ಒಂದು ಊರಿದೆ. ಜನಸಂಖ್ಯೆ ಸುಮಾರು 32 ಸಾವಿರ. ಅಲ್ಲಿನ ಸರಕಾರಿ ಪ್ರೌಢಶಾಲೆಯ ತಂಡ ಆಡುವ ಮೈದಾನದಲ್ಲಿ 16 ಸಾವಿರಕ್ಕೂ ಹೆಚ್ಚು ಜನ ಕುಳಿತು ಫುಟ್‌ಬಾಲ್ ನೋಡಬಹುದು. ಅಂದರೆ ಊರಿನ ಅರ್ಧದಷ್ಟು ಜನ! ತಂಡದ ಹೆಸರು ಟೈಗರ್ಸ್, ಬಣ್ಣ ಕಿತ್ತಳೆ ಮತ್ತು ಕಪ್ಪು. ಪಕ್ಕದ ಕ್ಯಾಂಟನ್ ಊರಿನ ಶಾಲೆಯ ಜತೆಗಿನ ಇವರ ಪೈಪೋಟಿ ಶುರುವಾದದ್ದು 1894ರಲ್ಲಿ. ಮ್ಯಾಸಿಲನ್ನಿನಲ್ಲಿ ಗಂಡುಮಗು ಹುಟ್ಟಿದರೆ ತಂಡದ ಅಭಿಮಾನಿ ಸಂಘದವರು ತೊಟ್ಟಿಲಿಗೊಂದು ಪುಟ್ಟ ಚೆಂಡು ಕೊಡುವ ಪದ್ಧತಿಯಿದೆ. ಹೆಣ್ಣುಮಗುವಿಗೆ ಯಾಕಿಲ್ಲ ಅಂತ ಕೇಳಬೇಕಾದ್ದೇ. ಆದರೂ ಒಂದು ಶಾಲೆಯ ಮೇಲೆ ಒಂದು ಊರು ಇಟ್ಟ ಪ್ರೀತಿ ನೋಡಿ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇವೆ ಅಂದರೆ, ಕಳೆದ ಅಕ್ಟೋಬರಿನಲ್ಲಿ ನಮ್ಮ ಕಾಸರಗೋಡಿನ ಕಡೆಯ ಇಂಗ್ಲಿಷ್ ಮಾಧ್ಯಮದ ಶಾಲೆಯೊಂದರಲ್ಲಿ 'ಫಾಲ್ ಫೆಸ್ಟ್' ಎಂಬ ಹಬ್ಬ ನಡೆಯಿತು. ಗೋಡೆಯ ತುಂಬ ಕಾಗದದ ಮೇಪಲ್ ಎಲೆಗಳು. ಮೇಜಿನ ಮೇಲೆ ಕಿತ್ತಳೆ ಬಣ್ಣದ ಕಪ್ ಕೇಕುಗಳು. ಹೊರಗೆ ತುಲಾ ತಿಂಗಳ ಗುಡುಗು ಮಳೆ! ಒಂದು ಎಲೆಯೂ ಹಣ್ಣಾಗದ ಊರಿನಲ್ಲಿ ಎಲೆ ಉದುರುವ ಕಾಲದ ಹಬ್ಬ. ಫೋಟೋ ನೋಡಿ ನಮ್ಮ ಕನ್ನಡ ಶಾಲೆಯ ತಾಯಂದಿರೂ "ಎಷ್ಟು ಚಂದ, ನಮ್ಮಲ್ಲಿ ಇಂಥದ್ದೆಲ್ಲ ಎಲ್ಲಿ?" ಅಂದರು.

ನಮಗೆ ಕೇಕಿನ ಮೇಲೆ ಕೋಪವಿಲ್ಲ. ಇಲ್ಲಿಂದ ತೆಂಕಕ್ಕೆ ರೈಲಿನಲ್ಲಿ ಹೋದರೆ ಸಿಗುವ ತಲಶೇರಿಯಲ್ಲಿ ಮಂಬಳ್ಳಿ ಬಾಪು ಎಂಬವರು 1883ರಲ್ಲೇ ಕ್ರಿಸ್‌ಮಸ್ ಕೇಕು ಮಾಡಿದರು ಅಂತ ಹೇಳುತ್ತಾರೆ. ಬೇಕರಿ ನಮಗೆ ಹೊಸತಲ್ಲ. "ಪಾಶ್ಚಾತ್ಯ ಸಂಸ್ಕೃತಿ" ಅಂತ ಮೂಗು ಮುರಿಯುವವರ ಸಾಲಿನಲ್ಲಿ ನಾವಿಲ್ಲ. ನಮ್ಮ ಜಗಳ ಬೇರೆ. ನಾವು ಕೇಕನ್ನು ತಂದೆವು, ಆ ಕೇಕು ಯಾರಿಗಾಗಿ ಬೇಯುತ್ತದೆ ಎಂಬುದನ್ನು ಅಲ್ಲೇ ಬಿಟ್ಟು ಬಂದೆವು.

ಅಲ್ಲಿ ಏನಾಗುತ್ತದೆ ನೋಡಿ. ಸೆಪ್ಟೆಂಬರ್ ಕಳೆದಂತೆ ಹಗಲು ಕಿರಿದಾಗುತ್ತದೆ, ಎಲೆಯ ಹಸಿರು ಕರಗುತ್ತದೆ. ಅಷ್ಟು ದಿನ ಒಳಗೇ ಅಡಗಿದ್ದ ಹಳದಿ, ಕಿತ್ತಳೆ ಬಣ್ಣ ಹೊರಗೆ ಕಾಣುತ್ತದೆ. ಕುಂಬಳದ ಬೆಳೆ, ಸೇಬಿನ ಬೆಳೆ ಮನೆಗೆ ಬರುತ್ತದೆ. ಅದೇ ಹೊತ್ತಿಗೆ ಫುಟ್‌ಬಾಲ್ ಋತು. ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಶುಕ್ರವಾರ ಸಂಜೆ ಪ್ರೌಢಶಾಲೆಯದು, ಶನಿವಾರ ಕಾಲೇಜಿನದು, ಭಾನುವಾರ ವೃತ್ತಿಪರರದು. ಇದು ಬರೀ ರೂಢಿಯಲ್ಲ. ಸೆಪ್ಟೆಂಬರಿನ ಎರಡನೇ ಶುಕ್ರವಾರದಿಂದ ಡಿಸೆಂಬರಿನ ಎರಡನೇ ಶನಿವಾರದವರೆಗೆ, ಶಾಲೆ ಕಾಲೇಜಿನ ಆಟ ನಡೆಯುವ ಹೊತ್ತಿಗೆ ಆ ಊರಿನ ಸುತ್ತ ವೃತ್ತಿಪರ ಆಟವನ್ನು ಟೀವಿಯಲ್ಲಿ ತೋರಿಸಿದರೆ, ಆ ಲೀಗಿಗೆ ಕಾನೂನಿನ ರಕ್ಷಣೆ ತಪ್ಪುತ್ತದೆ. 1961ರ ಕಾಯ್ದೆ ಇದು. ಕೋಟಿಗಟ್ಟಲೆ ದುಡ್ಡಿನ ಆಟ ಶಾಲೆಯ ಆಟದ ಜನವನ್ನು ಕಸಿಯಬಾರದು ಅಂತ ಒಂದು ದೇಶ ಕಾಯ್ದೆ ಮಾಡಿಕೊಂಡಿದೆ!

ನಮ್ಮ ಹಳೆ ವಿದ್ಯಾರ್ಥಿನಿಯೊಬ್ಬಳು ಒಹಾಯೊದಲ್ಲೇ ಇದ್ದಾಳೆ. ಗುರುವಾರ ರಾತ್ರಿ ಕೆಲಸ ಮುಗಿಸಿ ಬಂದು ಮಗನ ಶಾಲೆಯ ಆಟಕ್ಕೆ ಕಪ್ ಕೇಕು ಮಾಡುತ್ತಾಳಂತೆ. ಅಲ್ಲಿಯ ಹಳೆ ಲೆಕ್ಕ ಸುಲಭ: ಒಂದು ಕಪ್ ಬೆಣ್ಣೆ, ಎರಡು ಕಪ್ ಸಕ್ಕರೆ, ಮೂರು ಕಪ್ ಮೈದಾ, ನಾಲ್ಕು ಮೊಟ್ಟೆ. ಒಲೆ 175 ಡಿಗ್ರಿ, ಸುಮಾರು ಇಪ್ಪತ್ತು ನಿಮಿಷ. ಪೂರ್ತಿ ಆರಿದ ಮೇಲೆ ಶಾಲೆಯ ಬಣ್ಣದ ಕ್ರೀಮು. ಬಿಸಿಯಲ್ಲಿ ಹಚ್ಚಿದರೆ ಕರಗಿ ಇಳಿಯುತ್ತದೆ. ಮಾರಿದ ದುಡ್ಡು ಶಾಲೆಯ ಬ್ಯಾಂಡಿಗೆ, ಮಕ್ಕಳ ಬಸ್ಸಿಗೆ. "ಇಷ್ಟೆಲ್ಲ ಯಾಕಮ್ಮ ಕಷ್ಟ?" ಅಂತ ಕೇಳಿದೆವು. "ಮಾಷ್ಟ್ರೇ, ಅದು ನಮ್ಮ ಊರಿನ ಶಾಲೆಯಲ್ಲವಾ?" ಅಂದಳು.

ಅಷ್ಟೇ ವಿಷಯ. ಅಮೆರಿಕದಲ್ಲಿ ಶಾಲೆಗೆ ಹೋಗುವ ಹತ್ತು ಮಕ್ಕಳಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳು ಸರಕಾರಿ ಶಾಲೆಗೇ ಹೋಗುತ್ತಾರೆ. 'ಹೋಮ್‌ಕಮಿಂಗ್' ಅಂತ ಒಂದು ದಿನ ಹಳೆ ವಿದ್ಯಾರ್ಥಿಗಳು ಊರಿಗೆ ಮರಳಿ ಬಂದು ಅದೇ ಮೆಟ್ಟಿಲಿನ ಮೇಲೆ ಕೂರುತ್ತಾರೆ. ಕೇಕಿನ ಬಣ್ಣಕ್ಕೆ ಬೆಲೆ ಬಂದದ್ದು ಅದರಿಂದ. ನಾವೇನು ಮಾಡಿದೆವು? ಊರಿನ ಶಾಲೆಯಿಂದ ಮಗುವನ್ನು ಬಿಡಿಸಿ, ವ್ಯಾನು ಹತ್ತಿಸಿ, ಹತ್ತು ಕಿಲೋಮೀಟರ್ ಆಚೆ ಕಳುಹಿಸಿ, ಅಲ್ಲಿ ದುಡ್ಡು ಕೊಟ್ಟು ಕಪ್ ಕೇಕು ತಿನ್ನಿಸಿದೆವು!

ಹಾಗಂತ ಅಲ್ಲಿ ಎಲ್ಲವೂ ಸರಿ ಅಂತಲ್ಲ. ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುವ ಕಾರಣ ಸಿರಿವಂತರ ಊರಿಗೆ ಸಿರಿವಂತ ಶಾಲೆ, ಬಡವರ ಊರಿಗೆ ಬಡ ಶಾಲೆ. ಆ ಆಟದಲ್ಲಿ ಮಕ್ಕಳ ತಲೆಗೆ ಬೀಳುವ ಪೆಟ್ಟಿನ ಬಗ್ಗೆ ಅಲ್ಲಿಯವರೇ ಚಿಂತಿಸುತ್ತಿದ್ದಾರೆ. ಕ್ರೀಮಿಗೆ ಹಾಕುವ ಬಣ್ಣವೂ ಅಷ್ಟೆ. ರೆಡ್ 3 ಎಂಬ ಬಣ್ಣಕ್ಕೆ ಆಹಾರದಲ್ಲಿದ್ದ ಅನುಮತಿಯನ್ನು ಅಮೆರಿಕ 2025ರ ಜನವರಿಯಲ್ಲಿ ಹಿಂತೆಗೆದುಕೊಂಡಿತು. ನಮ್ಮ ಪಕ್ಕದ ಕರ್ನಾಟಕ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂದದ್ದು 2024ರ ಮಾರ್ಚಿನಲ್ಲಿ. ಬಿಡಬೇಕಾದ್ದು ಬಣ್ಣ, ತರಬೇಕಾದ್ದು ಅಭಿಮಾನ. ನಾವು ತಿರುಗಿಸಿ ಮಾಡಿದೆವು.

ಕೇಕು ಮಾರಿ ಶಾಲೆ ನಡೆಸಿ ಅಂತಲೂ ನಾವು ಹೇಳುವುದಿಲ್ಲ. ಕಟ್ಟಡ, ಪುಸ್ತಕ, ಕನ್ನಡ ಬಲ್ಲ ಅಧ್ಯಾಪಕರು, ಇವು ಸರಕಾರದ ಹೊಣೆ. ಬೇಡಿ ಪಡೆಯುವುದಲ್ಲ, ಕೇಳಿ ಪಡೆಯುವ ಹಕ್ಕು. ಆದರೆ ಕೇಳುವವರೇ ಶಾಲೆಯಲ್ಲಿ ಇಲ್ಲದಿದ್ದರೆ? ಕೇರಳದಲ್ಲಿ ಜೂನಿನಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ. ಆ ಲೆಕ್ಕದಲ್ಲಿ ಮಕ್ಕಳು ಕಡಿಮೆ ಬಿದ್ದರೆ ಡಿವಿಜನ್ ಹೋಗುತ್ತದೆ, ಡಿವಿಜನ್ ಹೋದರೆ ಹುದ್ದೆ ಹೋಗುತ್ತದೆ. ಗಡಿಯ ಈಚೆ ಕನ್ನಡದ ಒಂದು ಹುದ್ದೆ ಹೋದರೆ ಮತ್ತೆ ಬರುವುದು ಎಷ್ಟು ಕಷ್ಟ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು, ಇದು ನಮಗೇ ಚುಚ್ಚುವಂಥದ್ದು. ಕನ್ನಡ ಶಾಲೆಯಲ್ಲಿ ಸಂಬಳ ಎಣಿಸಿ ಸ್ವಂತ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸಿದವರು ಅಧ್ಯಾಪಕರಾದ ನಾವೇ. ವೇದಿಕೆಯಲ್ಲಿ "ಕನ್ನಡ ಉಳಿಸಿ" ಭಾಷಣ, ಬೆಳಗ್ಗೆ ಎಂಟಕ್ಕೆ ಮನೆ ಮುಂದೆ ಬೇರೆ ಶಾಲೆಯ ವ್ಯಾನು. ಊರಿನವರು ನಮ್ಮ ಭಾಷಣ ಕೇಳಲಿಲ್ಲ, ವ್ಯಾನನ್ನು ನೋಡಿದರು. ಮೊದಲು ನಾವು ತಿದ್ದಿಕೊಳ್ಳಬೇಕು.

ಕನ್ಯೆ, ತುಲಾ ತಿಂಗಳು ನಮಗೂ ಸುಗ್ಗಿಯ ಕಾಲವೇ. ಗದ್ದೆಯಿದ್ದ ಮನೆಗಳಲ್ಲಿ ಹೊಸ ಅಕ್ಕಿ ಊಟ, ನವರಾತ್ರಿ, ದೀಪಾವಳಿ. ಶಾಲೆಗಳಲ್ಲಿ ಆಟೋಟ, ಕಲೋತ್ಸವಗಳ ಓಡಾಟವೂ ಆಗಲೇ. ಆ ದಿನಗಳಲ್ಲಿ ಒಂದು ಶನಿವಾರವನ್ನು ಪ್ರತಿ ಕನ್ನಡ ಶಾಲೆಯೂ ಇಟ್ಟುಕೊಳ್ಳಲಿ. ಮಕ್ಕಳು ಕಬಡ್ಡಿ ಆಡಲಿ. ಮಂಗಳೂರು, ಬೆಂಗಳೂರು, ದುಬೈ ಸೇರಿದ ಹಳೆ ವಿದ್ಯಾರ್ಥಿಗಳು ಬಂದು ಜಗಲಿಯ ಮೇಲೆ ಕೂತು ಬೊಬ್ಬೆ ಹಾಕಲಿ. ತಾಯಂದಿರು ಕೇಕು ತರುವುದಾದರೆ ತರಲಿ, ಕ್ಯಾರೆಟ್ಟು, ಬೀಟ್‌ರೂಟಿನ ಬಣ್ಣ ಸಾಕು. ಹಲಸಿನ ಎಲೆಯ ಕೊಟ್ಟಿಗೆ ತಂದರೆ ಇನ್ನೂ ಸಂತೋಷ, ಅದೂ ಕಪ್ಪಿನಲ್ಲೇ ಬೇಯುವುದು ತಾನೆ!

ಆದರೆ ಒಂದು ಶರತ್ತು. ತಿಂದು ಕೈ ತೊಳೆದು ಹೋಗುವ ಮೊದಲು ಪ್ರತಿಯೊಬ್ಬರೂ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು: ಬರುವ ಜೂನಿನ ಆರನೇ ದಿನ ನಿಮ್ಮ ಮನೆಯ ಮಗು ಯಾವ ಶಾಲೆಯ ಹಾಜರಿಯಲ್ಲಿ ಇರುತ್ತದೆ?