ಇಲಿಜ್ವರಕ್ಕೂ ಮುಂಜಾಗ್ರತೆ ಬೇಕು



ಮುಂಗಾರು ಹಿಡಿಯುವ ಮೊದಲೇ ಮೈಲುತುತ್ತದ ದರವೆಷ್ಟು, ದಾಸ್ತಾನೆಷ್ಟು ಎಂದು ಸಂಘದ ಕಚೇರಿಯಲ್ಲಿ ವಿಚಾರಿಸದ ಬೆಳೆಗಾರರಿಲ್ಲ. ಕೊಳೆರೋಗ ಹಬ್ಬಿದ ಮೇಲೆ ಬೋರ್ಡೋ ಹೊಡೆದು ಹೆಚ್ಚು ಫಲವಿಲ್ಲವೆಂಬುದು ನಮಗೆಲ್ಲ ತಿಳಿದದ್ದೇ. ಆದರೆ ಅದೇ ಮಳೆಯಲ್ಲಿ ಬರಿಗಾಲಿನಲ್ಲಿ ಬಸಿಗಾಲುವೆಗಿಳಿದು ಕೆಸರೆತ್ತುವವರ ವಿಷಯದಲ್ಲಿ ಮಾತ್ರ, ರೋಗ ಬಂದ ಮೇಲೆ ನೋಡೋಣ ಎನ್ನುತ್ತೇವೆ.

ಹೋದ ಆಷಾಢದಲ್ಲಿ ನನ್ನ ತೋಟದಲ್ಲೇ ನಡೆದದ್ದು. ಕಾಲುವೆ ಬಿಡಿಸಿದ ವಾರದ ಮೇಲೆ ಕೆಲಸದವನೊಬ್ಬನಿಗೆ ಜ್ವರ, ಮೀನಖಂಡ ಮುಟ್ಟಗೊಡದಷ್ಟು ನೋವು, ಕಣ್ಣು ಕೆಂಪು. ಮಳೆಯಲ್ಲಿ ನೆನೆದ ಜ್ವರವೆಂದು ನಾನೇ ಮೂರು ದಿನ ನೋವಿನ ಮಾತ್ರೆ ಕೊಟ್ಟೆ. ನಾಲ್ಕನೆಯ ದಿನ ಕಣ್ಣು ಹಳದಿಯಾಯಿತು, ಮೂತ್ರ ನಿಂತೇಹೋಯಿತು. ಮೂತ್ರಪಿಂಡಗಳೆರಡೂ ಕೆಲಸ ನಿಲ್ಲಿಸಿದ್ದವು. ಐದು ಬಾರಿ ಡಯಾಲಿಸಿಸ್ ಆದ ಮೇಲೆ ಮೂತ್ರ ಬಂತು, ಮನುಷ್ಯ ಉಳಿದ. ವೈದ್ಯರು ನನ್ನನ್ನು ಗದರಿಸಿದ್ದು ಆ ಮಾತ್ರೆಗಳಿಗಾಗಿ.

ಇದು ಹೊಸ ರೋಗವೇನಲ್ಲ. 1886ರಲ್ಲಿ ಜರ್ಮನಿಯ ವೈಲ್ ಎಂಬ ವೈದ್ಯ ಇದನ್ನು ವರ್ಣಿಸಿದ್ದ. ಲೆಪ್ಟೊಸ್ಪೈರ ಎಂಬ ಬ್ಯಾಕ್ಟೀರಿಯ ಇಲಿಯ ಮೂತ್ರಪಿಂಡದಲ್ಲಿ ಇಲಿಗೆ ಬಾಧಿಸದೆ ವಾಸವಾಗಿದ್ದು, ಮೂತ್ರದೊಡನೆ ಹೊರಬೀಳುತ್ತದೆ. ದನ, ಹಂದಿ, ನಾಯಿಗಳಿಂದಲೂ ಬರಬಹುದು. ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕಿ, ಕಾಲಿನ ಗಾಯ, ಕೆಸರುಹುಣ್ಣುಗಳ ಮೂಲಕ ನಮ್ಮ ರಕ್ತ ಸೇರುತ್ತದೆ. ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಅದು ನೆಲೆಸಿದಾಗ ಸುತ್ತಲ ಅಂಗಾಂಶ ಉರಿಯೂತದಿಂದ ಬಾತು, ಸೋಸುವ ಕೆಲಸ ಕೆಡುತ್ತದೆ. ನೋವಿನ ಮಾತ್ರೆಗಳಲ್ಲಿ ಹಲವು ಅದೇ ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನೂ ತಗ್ಗಿಸುವಂಥವು.

ಮಲೆನಾಡಿನಲ್ಲಿ ಜ್ವರವೆಂದರೆ ಮೊದಲು ನೆನಪಾಗುವುದು 1957ರಲ್ಲಿ ಕ್ಯಾಸನೂರಿನಲ್ಲಿ ಕಂಡ ಮಂಗನ ಕಾಯಿಲೆ. ಅದು ಒಣಕಾಲದ ಉಣುಗಿನಿಂದ ಬರುವ ವೈರಸ್ ರೋಗ. ಇಲಿಜ್ವರ ಹೆಚ್ಚಾಗಿ ಮಳೆಗಾಲದ್ದು, ಇದಕ್ಕೆ ನೇರವಾದ ಔಷಧವೂ ಉಂಟು. ಪೆನಿಸಿಲಿನ್, ಡಾಕ್ಸಿಸೈಕ್ಲಿನ್ ಹಳೆಯ, ಅಗ್ಗದ ಮದ್ದುಗಳು. ಆದರೆ ಮೊದಲ ದಿನಗಳಲ್ಲೇ ಸಿಗಬೇಕು. ಕೆಸರಿನ ಕೆಲಸ ಮಾಡಿದವರಿಗೆ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ದು, ಕಾಲುವೆಗಿಳಿದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಿರಿ.

ಸಂಘದ ಮಳಿಗೆಯಲ್ಲಿ ಮೈಲುತುತ್ತದ ಪಕ್ಕದಲ್ಲೇ ಮೊಣಕಾಲುದ್ದದ ರಬ್ಬರ್ ಬೂಟುಗಳನ್ನೂ ಇಡಬೇಕೆಂದು ಆಡಳಿತ ಮಂಡಳಿಯ ಮುಂದೆ ಪ್ರಸ್ತಾಪಿಸಿದ್ದೇನೆ. ಬೂಟು ಹಾಕಿದರೆ ಕೆಲಸ ಸಾಗದು ಎನ್ನುವವರಿದ್ದಾರೆ (ಹೆಚ್ಚಾಗಿ ಕಾಲುವೆಗಿಳಿಯದವರೇ!). ಆಳದ ಕೆಸರಿನಲ್ಲಿ ಅವು ಸಿಕ್ಕಿಕೊಳ್ಳುವುದು ನಿಜ. ಅಂಥಲ್ಲಿಗೆ ಕಾಲಿನಲ್ಲಿ ಗಾಯವಿರುವವರನ್ನು ಇಳಿಸಬೇಡಿ. ನಿಮ್ಮ ತೋಟಕ್ಕೆ ಎಷ್ಟು ಜೊತೆ, ಯಾವ ಅಳತೆ ಬೇಕೆಂಬುದನ್ನು ವೈಶಾಖ ಮುಗಿಯುವುದರೊಳಗೆ ಕಚೇರಿಗೆ ತಿಳಿಸಿರಿ.

— ಕಾರ್ಯದರ್ಶಿ