ಬಿಸ್ಕತ್ತಿಗೆ ಮುಗಿಯದ ಜೀವದಯೆ

ಮುಂಬಯಿ, ಪುಣೆಗಳ ನಮ್ಮ ವಸತಿ ಸಂಕೀರ್ಣಗಳಲ್ಲಿ ಬೀದಿನಾಯಿಗೆ ಬಿಸ್ಕತ್ತು ಹಾಕುವ ಶ್ರಾವಕರಿಗೆ ಕೊರತೆಯಿಲ್ಲ. ಅದಕ್ಕೆ ಜಂತುನಾಶಕ ಕೊಡಿಸುವವರು, ಅದರ ಮಲವನ್ನು ಎತ್ತುವವರು ಎಷ್ಟು ಮಂದಿ?

ಟಾಕ್ಸೊಕಾರಾ ಎಂಬ ದುಂಡುಹುಳು ತಾಯಿಯ ಗರ್ಭದಲ್ಲೇ ನಾಯಿಮರಿಯನ್ನು ಸೇರುತ್ತದೆ. ಮಲದೊಡನೆ ಹೊರಬಿದ್ದ ಅದರ ಮೊಟ್ಟೆಗಳು ಮಣ್ಣಿನಲ್ಲಿ ಕೆಲವು ವಾರಗಳಲ್ಲಿ ಬಲಿತು ವರ್ಷಗಟ್ಟಲೆ ಉಳಿಯಬಲ್ಲವು. ಆಡುವ ಮಗುವಿನ ಕೈಯಿಂದ ಬಾಯಿಗೆ ಹೋದರೆ ಮರಿಹುಳುಗಳು ಯಕೃತ್ತು, ಶ್ವಾಸಕೋಶಗಳಲ್ಲಿ ಅಲೆಯುತ್ತವೆ. ಕಣ್ಣನ್ನು ಹೊಕ್ಕರೆ ದೃಷ್ಟಿಯನ್ನೇ ಕಸಿಯಬಹುದು. ಆಗಷ್ಟೇ ಬಿದ್ದ ಮಲದ ಮೊಟ್ಟೆ ಸೋಂಕು ತಾರದು. ಅಂದಂದೇ ಎತ್ತಿದರೆ ರೋಗದ ಹಾದಿ ಅಲ್ಲೇ ಮುಚ್ಚುತ್ತದೆ.

ಕೃಮಿಯೂ ದ್ವೀಂದ್ರಿಯ ಜೀವ, ಔಷಧ ಕೊಡುವುದು ಹಿಂಸೆಯಲ್ಲವೇ ಎನ್ನುವವರಿದ್ದಾರೆ. ಗೃಹಸ್ಥನದು ಅಣುವ್ರತ, ಅವನು ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆ. ಹಿಂಸೆಯ ಬೇರು ಪ್ರಮಾದದಲ್ಲಿದೆ ಎಂಬ ಉಮಾಸ್ವಾಮಿಗಳ ತತ್ತ್ವವನ್ನು ಒಪ್ಪುವವರು, ಉಣಿಸಿ ಬೆನ್ನು ತಿರುಗಿಸುವ ಈ ಪ್ರಮಾದಕ್ಕೆ ಏನೆನ್ನುತ್ತಾರೆ? ಮಲವಿಸರ್ಜನೆಯಲ್ಲೂ ಜೀವರಕ್ಷೆಯ ಎಚ್ಚರವಿರಲೆಂದು ಮುನಿಗಳಿಗೆ ಉತ್ಸರ್ಗ ಸಮಿತಿಯನ್ನು ವಿಧಿಸಿದ ಧರ್ಮ ನಮ್ಮದು.

ಹಿಡಿದ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆಗಳೊಡನೆ ಜಂತುನಾಶಕವನ್ನೂ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಆಗಸ್ಟ್ 22ರಂದು ಆದೇಶಿಸಿತು. ಪಾಲಿಕೆಗಳಿಂದ ಅದನ್ನು ಮಾಡಿಸುವುದು ನಾಗರಿಕರ ಹೊಣೆ. ದಶಲಕ್ಷಣ ಪರ್ವದಲ್ಲಿ ಕೂಡಿಸುವ ಜೀವದಯಾ ನಿಧಿಯ ಒಂದು ಪಾಲು ಇನ್ನು ಪಶುವೈದ್ಯರಿಗೆ ಸಲ್ಲಲಿ.