ಹೂವಿನ ಬೀಜ ಮೊಳೆಯದಿದ್ದರೆ ಕೈಗುಣವನ್ನು ದೂರಬೇಕೆ?

ಸಾರಕ್ಕಿ ಮಾರುಕಟ್ಟೆಯಲ್ಲಿ ಮೊಳದ ಲೆಕ್ಕದಲ್ಲಿ ಸೇವಂತಿಗೆ, ಮಲ್ಲಿಗೆ ಕೊಳ್ಳುವ ಮನೆಗಳಿಗೇ ಈಗ ಹುಟ್ಟುಹಬ್ಬ, ಗೃಹಪ್ರವೇಶಗಳಿಗೆ ಉದ್ದ ದಂಟಿನ ಜರ್ಬೆರಾ, ಕಾರ್ನೇಷನ್, ಗುಲಾಬಿಯೂ ಬರುತ್ತವೆ. ದಂಟಿನ ಸಮೇತ ಕೊಯ್ದು ಹೂದಾನಿಯಲ್ಲಿಡುವ ಇಂಥ ಹೂಗಳಿಗೆ ಕಟ್ ಫ್ಲವರ್ ಎನ್ನುತ್ತಾರೆ. ಇವುಗಳಲ್ಲಿ ಹಲವು ಬಹುವಾರ್ಷಿಕ ಗಿಡಗಳು. ಒಮ್ಮೆ ನೆಟ್ಟರೆ ಎರಡು ಮೂರು ವರ್ಷ ಹೂ ಕೊಡುತ್ತವೆ ಎಂದು ಕೇಳಿದವರಿಗೆ, ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಿಂದಲೋ ಆನ್‌ಲೈನ್‌ನಿಂದಲೋ ಒಂದು ಪೊಟ್ಟಣ ಬೀಜ ತಂದು ತಾರಸಿಯಲ್ಲಿ ಬೆಳೆದರೆ ಹೇಗೆ ಎನ್ನಿಸುವುದು ಸಹಜ.

ತಂದು ಬಿತ್ತುತ್ತಾರೆ. ತಿಂಗಳಾದರೂ ಕುಂಡದಲ್ಲಿ ಏನೂ ಕಾಣುವುದಿಲ್ಲ. ಆಗ ಹೊರಡುವ ಮಾತು ಒಂದೇ: "ನನಗೆ ಕೈಗುಣ ಇಲ್ಲ. ಎದುರು ಮನೆಯವರು ಕಡ್ಡಿ ಚುಚ್ಚಿದರೂ ಚಿಗುರುತ್ತೆ." ಅಲ್ಲಿಗೆ ಕುಂಡ ಮೂಲೆ ಸೇರುತ್ತದೆ. ಈ ತೀರ್ಮಾನ ಸರಿಯೇ?

ಕಡ್ಡಿ ಬೇರೆ, ಬೀಜ ಬೇರೆ

ಮೇಲಿನ ಮಾತಿನಲ್ಲೇ ಉತ್ತರದ ಒಂದು ಭಾಗವಿದೆ. ಎದುರು ಮನೆಯವರು ನೆಟ್ಟಿದ್ದು ಕಡ್ಡಿ, ನೀವು ಬಿತ್ತಿದ್ದು ಬೀಜ. ದಾಸವಾಳ ಅಥವಾ ಸೇವಂತಿಗೆಯ ಕಡ್ಡಿ ಆಗಲೇ ಬೆಳೆದ ಗಿಡದ ತುಂಡು. ಅದರಲ್ಲಿ ಆಹಾರವಿದೆ, ಮೊಗ್ಗುಗಳಿವೆ. ಅದು ಮಾಡಬೇಕಾದ ಕೆಲಸ ಬೇರು ಬಿಡುವುದಷ್ಟೇ. ಬೀಜವಾದರೋ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಕಡ್ಡಿಯಿಂದ ಬಂದ ಗಿಡ ತಾಯಿಗಿಡದ ಪಡಿಯಚ್ಚು. ಬೀಜದಿಂದ ಬಂದ ಗಿಡ ಹಾಗಲ್ಲ. ಅದರಲ್ಲಿ ಪರಾಗ ಕೊಟ್ಟ ಗಿಡದ ಗುಣಗಳೂ ಬೆರೆತಿರುತ್ತವೆ. ಅಂಗಡಿಗೆ ಬರುವ ಕಟ್ ಫ್ಲವರ್‌ಗಳ ಹಿಂದೆ ಇರುವುದು ಬಹುಪಾಲು ಪಡಿಯಚ್ಚಿನ ದಾರಿಯೇ. ಕಾರ್ನೇಷನ್ ಅನ್ನು ಕುಡಿ ಕತ್ತರಿಸಿ, ಗುಲಾಬಿಯನ್ನು ಕಣ್ಣುಕಸಿ ಮಾಡಿ, ಜರ್ಬೆರಾವನ್ನು ಅಂಗಾಂಶ ಕೃಷಿಯಿಂದ ವೃದ್ಧಿ ಮಾಡುತ್ತಾರೆ. ಪಾಲಿಹೌಸ್ ರೈತರಿಗೆ ಸಾವಿರ ಗಿಡದಲ್ಲೂ ಒಂದೇ ಬಣ್ಣ, ಒಂದೇ ಉದ್ದದ ದಂಟು ಬೇಕು. ಬೀಜ ಆ ಭರವಸೆ ಕೊಡುವುದಿಲ್ಲ. ಆದ್ದರಿಂದ ಬೊಕೆಯಲ್ಲಿ ಕಂಡ ಅದೇ ಜರ್ಬೆರಾ ಬೀಜದಿಂದ ಬರಲಿಲ್ಲವೆಂದರೆ ಬೆಳೆದವರ ತಪ್ಪಲ್ಲ.

ಹಾಗಾದರೆ ಬೀಜದ ಉಪಯೋಗವೇನು? ಹೊಸತನ್ನು ಹುಟ್ಟಿಸುವುದು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸುಗಂಧರಾಜ ತಳಿಗಳೇ ಇದಕ್ಕೆ ಉದಾಹರಣೆ. ಸುಗಂಧರಾಜವನ್ನು ರೈತರು ಗೆಡ್ಡೆಯಿಂದ ಬೆಳೆಯುತ್ತಾರೆ. ಆದರೆ ಸಂಸ್ಥೆಯ 'ಶೃಂಗಾರ್' ತಳಿ ಬಂದದ್ದು ಒಂಟಿ ಸುತ್ತಿನ ಮತ್ತು ಜೋಡಿ ಸುತ್ತಿನ ಹೂಗಳನ್ನು ಅಡ್ಡ ಹಾಯಿಸಿ ಪಡೆದ ಬೀಜದಿಂದ. ಆ 'ಶೃಂಗಾರ್' ಅನ್ನು 'ಮೆಕ್ಸಿಕನ್ ಸಿಂಗಲ್' ಜೊತೆ ಸೇರಿಸಿದಾಗ 'ಪ್ರಜ್ವಲ್' ಬಂತು. ಬೀಜದಿಂದ ಬಂದ ಸಸಿಗಳಲ್ಲಿ ಒಳ್ಳೆಯದನ್ನು ಆರಿಸಿಕೊಂಡ ಮೇಲೆ ಅದನ್ನು ಗೆಡ್ಡೆಯಿಂದಲೇ ಹೆಚ್ಚಿಸಿದರು.

ಪೊಟ್ಟಣದ ಮೇಲೆ 'ಎಫ್-1' ಎಂದಿದ್ದರೆ ಮಾತು ಸ್ವಲ್ಪ ಬೇರೆ. ಆಯ್ದ ಎರಡು ಶುದ್ಧ ಸಾಲುಗಳನ್ನು ಪ್ರತಿಸಲವೂ ಅಡ್ಡ ಹಾಯಿಸಿ ತೆಗೆದ ಬೀಜ ಅದು. ಗಿಡಗಳು ಹೆಚ್ಚುಕಡಿಮೆ ಒಂದೇ ಥರ ಬರುತ್ತವೆ. 1965ರಲ್ಲಿ ಮನಮೋಹನ ಅತ್ತಾವರ ಅವರು ಬೆಂಗಳೂರಿನಲ್ಲಿ ಆರಂಭಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಈ ಬಗೆಯ ಬೀಜಗಳಿಂದಲೇ ಹೆಸರಾಯಿತು. ಆದರೆ ಎಫ್-1 ಗಿಡದ ಬೀಜವನ್ನು ತೆಗೆದಿಟ್ಟು ಮರುವರ್ಷ ಬಿತ್ತಿದರೆ ಗುಣಗಳು ಮತ್ತೆ ಚದುರುತ್ತವೆ. ಮೆಂಡೆಲ್ 1866ರಲ್ಲಿ ಬಟಾಣಿ ಗಿಡಗಳ ಬಗ್ಗೆ ಬರೆದದ್ದೂ ಇದನ್ನೇ.

ಬೀಜ ಮೊದಲೇ ಸತ್ತಿರಬಹುದು

ಬೀಜ ನೋಡಲು ಒಣಗಿದ್ದರೂ ಒಳಗೆ ಜೀವವಿದೆ. ಅದು ನಿಧಾನವಾಗಿ ಉಸಿರಾಡುತ್ತದೆ, ನಿಧಾನವಾಗಿ ಮುಪ್ಪಾಗುತ್ತದೆ. ತೇವ ಮತ್ತು ಶಾಖ ಹೆಚ್ಚಿದಷ್ಟೂ ಮುಪ್ಪು ಬೇಗ. ಬೀಜ ತಜ್ಞ ಹ್ಯಾರಿಂಗ್ಟನ್ ಕೊಟ್ಟ ಒಂದು ಸರಳ ಲೆಕ್ಕವಿದೆ: ಬೀಜದ ತೇವಾಂಶ ಶೇ. 1ರಷ್ಟು ಇಳಿದರೆ ಅದರ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆ. ಇಟ್ಟ ಜಾಗದ ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಅಷ್ಟೇ.

ಎಲ್ಲ ಬೀಜಗಳ ಆಯಸ್ಸೂ ಒಂದೇ ಅಲ್ಲ. ಜರ್ಬೆರಾ, ಡೆಲ್ಫಿನಿಯಂ ಬೀಜಗಳು ಸಾಮಾನ್ಯ ಕೋಣೆಯಲ್ಲಿ ಕೆಲವೇ ತಿಂಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತವೆ. ಮಳೆಗಾಲವಿಡೀ ಅಂಗಡಿಯ ಕಪಾಟಿನಲ್ಲಿದ್ದ ಪೊಟ್ಟಣವನ್ನು ತಂದು ಬಿತ್ತಿದರೆ ಯಾರ ಕೈಯೂ ಅದನ್ನು ಬದುಕಿಸಲಾರದು. ಕೊಳ್ಳುವಾಗ ಪೊಟ್ಟಣದ ಮೇಲಿನ ಪರೀಕ್ಷೆಯ ದಿನಾಂಕ ಮತ್ತು ಅವಧಿ ನೋಡಿ. ಉಳಿದ ಬೀಜವನ್ನು ಗಾಳಿಯಾಡದ ಡಬ್ಬಿಗೆ ಹಾಕಿ, ಜೊತೆಗೆ ಒಂದು ಸಿಲಿಕಾ ಜೆಲ್ ಪೊಟ್ಟಣವಿಟ್ಟು ಫ್ರಿಜ್‌ನಲ್ಲಿಡಿ.

ಇಲ್ಲವೇ ನಿದ್ದೆಯಲ್ಲಿರಬಹುದು

ಜೀವವಿದ್ದೂ ಮೊಳೆಯದ ಬೀಜಗಳಿವೆ. ಚಳಿ ದೇಶದ ಬಹುವಾರ್ಷಿಕ ಗಿಡಗಳ ಬೀಜ ಶರತ್ಕಾಲದಲ್ಲಿ ಉದುರುತ್ತದೆ. ತಕ್ಷಣ ಮೊಳೆತರೆ ಸಸಿ ಹಿಮದಲ್ಲಿ ಸಾಯುತ್ತದೆ. ಅದಕ್ಕೇ ಹಲವಾರು ವಾರ ತಂಪನ್ನು ಅನುಭವಿಸಿದ ಮೇಲಷ್ಟೇ ಮೊಳೆಯುವ ಗುಣ ಅವುಗಳಲ್ಲಿ ಬೆಳೆದುಬಂದಿದೆ. ಲ್ಯಾವೆಂಡರ್, ಎಕಿನೇಷಿಯಾ ಬೀಜಗಳು ತಂಪು ಸಿಕ್ಕರೆ ಹೆಚ್ಚು ಚೆನ್ನಾಗಿ ಮೊಳೆಯುತ್ತವೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಈ ಬೀಜಗಳು ಬಯಸುವ 4-5 ಡಿಗ್ರಿ ನಮ್ಮ ತಾರಸಿಯಲ್ಲಿ ಸಿಗುವ ಮಾತೇ ಇಲ್ಲ. ಉಪಾಯ ಸುಲಭ: ಒದ್ದೆ ಟಿಶ್ಯೂ ಕಾಗದದಲ್ಲಿ ಬೀಜ ಸುತ್ತಿ, ಡಬ್ಬಿಯಲ್ಲಿಟ್ಟು, ಫ್ರಿಜ್‌ನ ಕೆಳಗಿನ ಹಲಗೆಯಲ್ಲಿ ಮೂರು ನಾಲ್ಕು ವಾರ ಇಡುವುದು. ಫ್ರೀಜರ್ ಬೇಡ. ಒದ್ದೆ ಬೀಜ ಅಲ್ಲಿ ಹೆಪ್ಪುಗಟ್ಟಿ ಸಾಯುತ್ತದೆ.

ಇನ್ನು ಕೆಲವು ಬೀಜಗಳಿಗೆ ಬೆಳಕು ಬೇಕು. ಇವು ಸಾಮಾನ್ಯವಾಗಿ ಸಣ್ಣ ಬೀಜಗಳು. ಆಳದಲ್ಲಿ ಮೊಳೆತರೆ ಮೇಲೆ ಬರುವಷ್ಟು ಆಹಾರ ಇವುಗಳಲ್ಲಿಲ್ಲ. ಬೆಳಕನ್ನು ಗುರುತಿಸಿಯೇ ಬೀಜ ತಾನು ಮಣ್ಣಿನ ಮೇಲ್ಪದರದಲ್ಲಿದ್ದೇನೆ ಎಂದು ತಿಳಿಯುತ್ತದೆ. ಕೆಂಪು ಬೆಳಕು ಲೆಟ್ಯೂಸ್ ಬೀಜವನ್ನು ಎಬ್ಬಿಸುತ್ತದೆ, ಕೆಂಪಿಗೂ ಆಚೆಯ ದೂರಗೆಂಪು ಬೆಳಕು ಅದನ್ನು ಮತ್ತೆ ಮಲಗಿಸುತ್ತದೆ ಎಂದು ಅಮೆರಿಕದ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು 1952ರಲ್ಲಿ ತೋರಿಸಿದರು. ಕೋರಿಯಾಪ್ಸಿಸ್, ಶಾಸ್ತಾ ಡೈಸಿಗಳಂಥ ಬೀಜವನ್ನು ಮೆಂತ್ಯ ಬಿತ್ತಿದಂತೆ ಮಣ್ಣಿನಲ್ಲಿ ಮುಚ್ಚಿದರೆ ಬಹಳಷ್ಟು ಅಲ್ಲೇ ಉಳಿದುಬಿಡುತ್ತವೆ.

ಅಥವಾ ಅಂಥ ಗಿಡವೇ ಇರಲಿಕ್ಕಿಲ್ಲ

ಆನ್‌ಲೈನ್‌ನಲ್ಲಿ ನೀಲಿ ಗುಲಾಬಿ, ಕಾಮನಬಿಲ್ಲಿನ ಗುಲಾಬಿಯ ಬೀಜಗಳು ಮಾರಾಟಕ್ಕಿರುತ್ತವೆ. ಗುಲಾಬಿಯಲ್ಲಿ ನೀಲಿ ಬಣ್ಣಕ್ಕೆ ಬೇಕಾದ ಡೆಲ್ಫಿನಿಡಿನ್ ಎಂಬ ವರ್ಣದ್ರವ್ಯ ತಯಾರಾಗುವುದಿಲ್ಲ. ಜಪಾನಿನ ಸನ್‌ಟೋರಿ ಕಂಪನಿ ಪ್ಯಾನ್ಸಿ ಹೂವಿನ ಜೀನ್ ಸೇರಿಸಿ 2009ರಲ್ಲಿ ಮಾರಾಟಕ್ಕೆ ತಂದ ಗುಲಾಬಿಯೂ ತಿಳಿನೇರಳೆಯೇ ಹೊರತು ಕಡುನೀಲಿಯಲ್ಲ. ಕಾಮನಬಿಲ್ಲಿನ ಗುಲಾಬಿಯಂತೂ ಬಿಳಿ ಹೂವಿನ ದಂಟನ್ನು ಸೀಳಿ ಬಣ್ಣದ ನೀರಿನಲ್ಲಿಟ್ಟು ಮಾಡಿದ್ದು. ಇಂಥ ಪೊಟ್ಟಣದಲ್ಲಿ ಹೋಗುವುದು ಹಣ ಮಾತ್ರವಲ್ಲ, ಬೆಳೆಯುವ ಉತ್ಸಾಹವೂ ಹೋಗುತ್ತದೆ.

ತಾರಸಿಯಲ್ಲಿ ಶುರುಮಾಡುವುದು ಹೇಗೆ?

ಬೀಜದಿಂದ ಶುರುಮಾಡುವವರಿಗೆ ಗೈಲಾರ್ಡಿಯಾ, ಕೋರಿಯಾಪ್ಸಿಸ್, ಶಾಸ್ತಾ ಡೈಸಿ ಸುಲಭ. ಗೈಲಾರ್ಡಿಯಾದಲ್ಲಿ ಒಂದೇ ವರ್ಷ ಬಾಳುವ ಜಾತಿಯೂ ಇದೆ, ಬಹುವಾರ್ಷಿಕವೂ ಇದೆ. ಪೊಟ್ಟಣದ ಮೇಲೆ ಯಾವುದೆಂದು ನೋಡಿಕೊಳ್ಳಿ. ಹಲವು ಬಣ್ಣ ಬಂದರೂ ಸರಿ ಎನ್ನುವವರು ತಾಜಾ ಜರ್ಬೆರಾ ಬೀಜವನ್ನೂ ಪ್ರಯತ್ನಿಸಬಹುದು.

ಪ್ರೋಟ್ರೇಯಲ್ಲಿ ಕೊಕೊಪೀಟ್ ತುಂಬಿ, ಸಣ್ಣ ಬೀಜವನ್ನು ಮೇಲೆ ಇಟ್ಟು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸಾಕು. ಜರ್ಬೆರಾ ಬೀಜವನ್ನು ಚೂಪು ತುದಿ ಕೆಳಗೆ, ಕುಚ್ಚು ಮೇಲೆ ಬರುವಂತೆ ಚುಚ್ಚಬೇಕು. 20ರಿಂದ 24 ಡಿಗ್ರಿ ಇದ್ದರೆ ಎರಡು ವಾರದೊಳಗೆ ಮೊಳೆಯುತ್ತದೆ. ಏಪ್ರಿಲ್ ಬಿಸಿಲಿಗಿಂತ ಸೆಪ್ಟೆಂಬರ್-ಅಕ್ಟೋಬರ್ ಮೇಲು, ಆದರೆ ಮಳೆಹನಿ ನೇರ ಬೀಳದ ಜಾಗದಲ್ಲಿಡಿ. ನೀರನ್ನು ಮೇಲಿನಿಂದ ಸುರಿಯುವ ಬದಲು ಟ್ರೇಯನ್ನು ತಟ್ಟೆಯ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ. ಮೊಳೆತ ಸಸಿ ಬುಡದಲ್ಲಿ ಕೊಳೆತು ಮಲಗುವುದು ಅತಿಯಾದ ತೇವದಲ್ಲಿ ಬೆಳೆಯುವ ಶಿಲೀಂಧ್ರಗಳಿಂದ.

ಗಿಡ ಬೆಳೆದೂ ಹೂ ಬಿಡದಿದ್ದರೆ ದೃಷ್ಟಿ ತಾಗಿತು ಎನ್ನುವ ಮುನ್ನ ಬೀದಿದೀಪ ನೋಡಿ. ಸೇವಂತಿಗೆ ಉದ್ದ ರಾತ್ರಿಯನ್ನು ಗುರುತಿಸಿ ಮೊಗ್ಗು ಕಟ್ಟುವ ಗಿಡ. ಬೆಂಗಳೂರಿನಲ್ಲಿ ಹಗಲು ಜೂನ್‌ನಲ್ಲಿ ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್‌ನಲ್ಲಿ ಸುಮಾರು 11 ಗಂಟೆ 20 ನಿಮಿಷ. ರಾತ್ರಿಯಿಡೀ ದೀಪ ಬಿದ್ದರೆ ಗಿಡಕ್ಕೆ ಆ ಉದ್ದ ರಾತ್ರಿ ಬರುವುದೇ ಇಲ್ಲ. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಬಲ್ಬುಗಳು ಉರಿಯುವುದೂ ಇದಕ್ಕೇ. ಬೇಕಾದ ಹಬ್ಬಕ್ಕೆ ಹೂ ಬರಲೆಂದು ರೈತರು ಮೊಗ್ಗನ್ನು ತಡೆದಿಡುತ್ತಾರೆ.

ಕೈಗುಣವನ್ನು ಪರೀಕ್ಷಿಸಿ ನೋಡಬಹುದು

ಕೈಗುಣದ ನಂಬಿಕೆ ತಮಾಷೆಯ ಮಾತಾಗಿ ಮಾತ್ರ ಉಳಿದಿಲ್ಲ. ಮುಟ್ಟಾದ ಹೆಣ್ಣುಮಕ್ಕಳು ಮುಟ್ಟಿದರೆ ಗಿಡ ಬಾಡುತ್ತದೆ, ಅವರು ಹೂ ಕೊಯ್ಯಬಾರದು ಎನ್ನುವುದೂ ಇದೇ ಯೋಚನೆಯ ಇನ್ನೊಂದು ಮುಖ. ವಿಜ್ಞಾನದ ವೇಷದಲ್ಲೂ ಇದು ಬಂದಿತ್ತು. ವಿಯೆನ್ನಾದ ವೈದ್ಯ ಬೇಲಾ ಷಿಕ್, ಮುಟ್ಟಾದ ಹೆಂಗಸಿನ ಕೈಯಲ್ಲಿ ಹೂವು ಬೇಗ ಬಾಡುತ್ತದೆ, ಅವಳ ಬೆವರಿನಲ್ಲಿ ವಿಷವಿದೆ ಎಂದು 1920ರಲ್ಲಿ ಬರೆದರು. ದಶಕಗಳ ಕಾಲ ಚರ್ಚೆ ನಡೆದರೂ ಅಂಥ ವಿಷ ರುಜುವಾತಾಗಲಿಲ್ಲ. ಕೊಯ್ದ ಹೂವು ಬಾಡುವುದು ದಂಟಿನೊಳಗೆ ಗಾಳಿಯೋ ಬ್ಯಾಕ್ಟೀರಿಯಾವೋ ಸೇರಿ ನೀರಿನ ದಾರಿ ಕಟ್ಟಿಕೊಂಡಾಗ. ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿ ದಿನವೂ ನೀರು ಬದಲಿಸಿದರೆ ಯಾರು ಇಟ್ಟ ಹೂವೂ ಹೆಚ್ಚು ದಿನ ಬಾಳುತ್ತದೆ.

ಅನುಮಾನವಿದ್ದರೆ ಮನೆಯಲ್ಲೇ ಪರೀಕ್ಷಿಸಿ. ಒಂದೇ ಪೊಟ್ಟಣದಿಂದ 40 ಬೀಜ ತೆಗೆದು, 'ಕೈಗುಣ ಇರುವವರು' 20, 'ಇಲ್ಲದವರು' 20 ಬಿತ್ತಲಿ. ಒಂದೇ ಕೊಕೊಪೀಟ್, ಒಂದೇ ಜಾಗ, ಒಂದೇ ಸಮಯಕ್ಕೆ ನೀರು. ಯಾರದ್ದು ಯಾವ ಟ್ರೇ ಎಂದು ತಿಳಿಯದ ಮೂರನೆಯವರು ಎಣಿಸಲಿ. ಒಂದರಲ್ಲಿ 14, ಇನ್ನೊಂದರಲ್ಲಿ 11 ಬಂದರೆ ಅದು ಆಕಸ್ಮಿಕವೂ ಆಗಬಹುದು, ಇನ್ನೊಮ್ಮೆ ಮಾಡಿ ನೋಡಬೇಕು. ಎರಡರಲ್ಲೂ ಒಂದೂ ಬಾರದಿದ್ದರೆ ದೂರಬೇಕಾದದ್ದು ಬೀಜವನ್ನು ಅಥವಾ ಬಿತ್ತಿದ ರೀತಿಯನ್ನು.

ಸದಾ ಗಿಡ ಬೆಳೆಸುವವರ ಕೈಯಲ್ಲಿ ಹೆಚ್ಚು ಗಿಡ ಬದುಕುವುದು ನಿಜ. ಮಣ್ಣು ಎಷ್ಟು ಒದ್ದೆಯಿರಬೇಕು, ಯಾವ ಬೀಜವನ್ನು ಮುಚ್ಚಬೇಕು, ಯಾವುದನ್ನು ಬಿಡಬೇಕು ಎಂಬುದು ಹಲವು ಗಿಡ ಸತ್ತ ಮೇಲೆ ಅವರಿಗೆ ತಿಳಿದಿರುತ್ತದೆ. ಅದನ್ನು ಕೇಳಿ ಕಲಿಯಬಹುದು. ಮೂಲೆಯ ಕುಂಡ ಎಸೆಯುವ ಮುನ್ನ, ಪೊಟ್ಟಣದಲ್ಲಿ ಉಳಿದ ಹತ್ತು ಬೀಜಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ, ಬೆಳಕು ಬೀಳುವ ಕಿಟಕಿಯ ಬಳಿ ಎರಡು ವಾರ ಇಟ್ಟು ನೋಡಿ. ಬೀಜದಲ್ಲಿ ಜೀವವಿದೆಯೇ ಎಂಬುದಕ್ಕೆ ಮೊದಲ ಸುಳಿವು ಅಲ್ಲಿ ಸಿಗುತ್ತದೆ.